ಜಾವಾ 21ರ ‘ರಿವರ್ಸ್ಡ್’: ಮಳೆ ಪುಸ್ತಕದ ಜೊತೆ ಎರಡು ವರ್ಷ

ಚಿಕ್ಕಮಗಳೂರು ಸುತ್ತಿನ ಕೆಲವು ಕಾಫಿ ತೋಟಗಳಿಗೆ ಮಳೆ ಲೆಕ್ಕದ ತಂತ್ರಾಂಶ ಬರೆದುಕೊಟ್ಟು ನೋಡಿಕೊಳ್ಳುತ್ತಿರುವ ನಾನು, 2023ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ ಪ್ರೋಗ್ರಾಮಿಂಗ್ ಭಾಷೆಯ 21ನೇ ಆವೃತ್ತಿಗೆ ಆ ಸಲದ ಕೊಯ್ಲು ಮುಗಿದ ಮೇಲೆ ಬದಲಾದೆ. ಅದರಲ್ಲಿ ಸೇರಿದ, ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ತೋರಿಸುವ ‘ರಿವರ್ಸ್ಡ್’ ಎಂಬ ವಿಧಾನವನ್ನು ಅಂದಿನಿಂದ ನಿತ್ಯ ಬಳಸುತ್ತಿದ್ದೇನೆ.

ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ದಿನಾಂಕದ ಕ್ರಮದಲ್ಲೇ ಬರೆದಿಡುತ್ತಾರೆ. ಆದರೆ ನೋಡುವುದು ಕೊನೆಯಿಂದ. ನಿನ್ನೆ ಎಷ್ಟು ಬಿತ್ತು, ಕಾಫಿ ಹೂ ಅರಳಿಸುವ ಹೂಮಳೆ ಬಂದು ಎಷ್ಟು ದಿನವಾಯಿತು, ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆಗೆ ಇನ್ನೂ ಕಾಯಬಹುದೇ ಎಂಬುದಷ್ಟೇ ಅವರಿಗೆ ಬೇಕು. ಹಿಂದೆ ಇದಕ್ಕಾಗಿ ‘ಕಲೆಕ್ಷನ್ಸ್ ರಿವರ್ಸ್’ ಎಂಬ ಹಳೆಯ ವಿಧಾನ ಬಳಸಿದರೆ ಅದು ಮೂಲ ಪಟ್ಟಿಯನ್ನೇ ತಿರುಗಿಸಿಬಿಡುತ್ತಿದ್ದುದರಿಂದ ಮೊದಲು ಒಂದು ಪ್ರತಿ ತೆಗೆಯಬೇಕಿತ್ತು. ಹೊಸ ವಿಧಾನ ಪ್ರತಿ ತೆಗೆಯುವುದಿಲ್ಲ, ಮೂಲವನ್ನು ಕದಲಿಸುವುದೂ ಇಲ್ಲ. ಸೊನ್ನೆಯ, ಅಂದರೆ ಮೊದಲ, ಸ್ಥಾನದ್ದನ್ನು ಕೇಳಿದರೆ ಮೂಲದ ಕೊನೆಯದನ್ನು ಕೊಡುತ್ತದೆ, ಅಷ್ಟೇ. ಹೀಗಾಗಿ ಬೆಳಿಗ್ಗೆ ತೋಟದ ಗುಮಾಸ್ತರಾದ ರೈಟರು ‘1 ಇಂಚು 40 ಸೆಂಟು’ ಎಂದು ಸೇರಿಸಿದ ಸಾಲು, ಮೊದಲೇ ಪಡೆದಿಟ್ಟ ಹಿಮ್ಮುಖ ನೋಟದಲ್ಲೂ ತಾನಾಗಿ ಮೇಲಕ್ಕೆ ಬಂದು ಕೂರುತ್ತದೆ. ಮತ್ತೊಂದು ಭಾಷೆಯಾದ ಪೈಥಾನ್‌ನ ಇದೇ ಹೆಸರಿನ ಸೌಲಭ್ಯ 2004ರಿಂದಲೂ ಇದೆಯಾದರೂ ಅದು ಒಮ್ಮೆ ಓದಿದರೆ ಮುಗಿದುಹೋಗುವ ಇಟರೇಟರ್. ಜಾವಾದ್ದು ಎಷ್ಟು ಸಲ ಬೇಕಾದರೂ ನೋಡಬಹುದಾದ ಪಟ್ಟಿ.

ವೇಗ ಹೆಚ್ಚೀತೆಂದು ಇದಕ್ಕೆ ಬರುವವರಿಗೆ ನಿರಾಶೆಯಾದೀತು. ಮೂವತ್ತು ವರ್ಷದ ದಿನಲೆಕ್ಕವೆಂದರೂ ಹನ್ನೊಂದು ಸಾವಿರದೊಳಗಿನ ಸಾಲುಗಳು, ಅವುಗಳ ಪ್ರತಿ ತೆಗೆಯುವುದು ಕಂಪ್ಯೂಟರಿಗೆ ಭಾರವೇ ಅಲ್ಲ. ನನಗಾದ ಲಾಭವೆಂದರೆ, ಪಟ್ಟಿಯ ಉದ್ದ ಹೇಳುವ ‘ಸೈಜ್’‌ನಿಂದ ಒಂದು ಕಳೆದು ಹಿಂದಕ್ಕೆ ಎಣಿಸುವ ಲೂಪುಗಳು (ಮತ್ತೆ ಮತ್ತೆ ಓಡುವ ಆದೇಶಗಳು) ಹೋದವು, ಆ ಒಂದನ್ನು ಕಳೆಯಲು ಮರೆಯುವ ನನ್ನ ಹಳೆಯ ಚಾಳಿಯೂ ಅವುಗಳೊಂದಿಗೇ ಹೋಯಿತು.

ನೋಟವೆಂದರೆ ಕಿಟಕಿಯಷ್ಟೇ ಅಲ್ಲ, ಬಾಗಿಲೂ ಹೌದು ಎಂಬುದನ್ನು ನಾನು ಎಡವಿ ಕಲಿತೆ. ವರದಿಯ ಅಡಿಯಲ್ಲಿ ‘ಒಟ್ಟು’ ಎಂಬ ಸಾಲು ಬರಲೆಂದು ಹಿಮ್ಮುಖ ಪಟ್ಟಿಯ ಕೊನೆಗೆ ಅದನ್ನು ಸೇರಿಸಿದ್ದೆ; ಅದು ಹೋಗಿ ಮೂಲ ಪಟ್ಟಿಯ ತಲೆಯ ಮೇಲೆ, ಜನವರಿ 1ಕ್ಕಿಂತ ಮುಂಚೆ ಕೂತಿತು. ಎರಡನೆಯ ಸಲ ವರದಿ ತೆಗೆದಾಗ ಹಳೆಯ ಒಟ್ಟು ಹೊಸ ಒಟ್ಟಿಗೆ ಕೂಡಿಕೊಂಡು ಮಳೆ ಇಮ್ಮಡಿಯಾಯಿತು. ‘ಇಷ್ಟು ಮಳೆ ಬಿದ್ದಿದ್ದರೆ ತೋಟದಲ್ಲಿ ಒಂದು ಕಾಯಿ ಉಳಿಯುತ್ತಿರಲಿಲ್ಲ’ ಎಂದು ಮಾಲೀಕರು ಫೋನ್ ಮಾಡಿದಾಗಲೇ ನನಗೆ ಗೊತ್ತಾದದ್ದು. ಈಗ ವರದಿಯ ಕೈಗೆ ಕೊಡುವ ಮುನ್ನ ನೋಟವನ್ನು ‘ಅನ್‌ಮಾಡಿಫೈಯಬಲ್ ಲಿಸ್ಟ್’‌ನಲ್ಲಿ ಸುತ್ತಿಡುತ್ತೇನೆ, ಆಗ ಅದರ ಮೂಲಕ ಏನನ್ನೂ ಸೇರಿಸಲಾಗದು. ಮುದ್ರಣ ನಡೆಯುತ್ತಿರುವಾಗಲೇ ಮೂಲಕ್ಕೆ ಹೊಸ ಸಾಲು ಸೇರುವ ಸಂಭವವಿದ್ದರೆ ಮಾತ್ರ, ಲೂಪು ಎಕ್ಸೆಪ್ಷನ್ (ದೋಷದ ಸೂಚನೆ) ಎಸೆದು ನಿಲ್ಲಬಾರದೆಂದು, ಪ್ರತಿಯನ್ನೇ ತೆಗೆಯುತ್ತೇನೆ.

ಸೇರಿಸಿದ ಕ್ರಮವನ್ನು ಉಳಿಸಿಕೊಳ್ಳುವ ಕೀ-ಮೌಲ್ಯ ಜೋಡಿಗಳ ಸಂಗ್ರಹವಾದ ಲಿಂಕ್ಡ್‌ಹ್ಯಾಶ್‌ಮ್ಯಾಪ್‌ಗೂ ಇದೇ ಸೌಲಭ್ಯವಿದೆ, ಅಲ್ಲಿ ತೊಂದರೆಯೇನೂ ಕಾಣಲಿಲ್ಲ. ಒಂದು ತೋಟದ ಆಫೀಸಿನ ಹಳೆಯ ಯಂತ್ರದಲ್ಲಿ ಇನ್ನೂ ಜಾವಾ 17 ಇರುವುದರಿಂದ, ಅಲ್ಲಿಗೆ ಕಳುಹಿಸುವ ಆವೃತ್ತಿಯಲ್ಲಿ ಹಳೆಯ ಲೂಪನ್ನೇ ಉಳಿಸಿಕೊಂಡಿದ್ದೇನೆ.