ನಾನ್‌ಜಿಂಗ್‌ನ ಹೆಬ್ಬಾಗಿಲು, ಹಿಮೇಜಿಯ ಬಳಸುದಾರಿ

ಚೀನಾದ ನಾನ್‌ಜಿಂಗ್ ನಗರದ ಝೋಂಗ್‌ಹುವಾ ಬಾಗಿಲು ಮತ್ತು ಜಪಾನಿನ ಹಿಮೇಜಿ ಕೋಟೆ, ಎರಡೂ ಒಳನುಗ್ಗಿದ ಶತ್ರುವನ್ನು ಸಿಕ್ಕಿಸಲೆಂದೇ ಕಟ್ಟಿದವು. ಎರಡರಲ್ಲೂ ಓಡಾಡಿ ನೋಡಿದ ಮೇಲೆ, ಕೋಟೆಯ ತಂತ್ರವನ್ನು ಅರಿಯಲು ಹಿಮೇಜಿಯೇ ಮೇಲೆಂದು ನನಗೆ ಅನ್ನಿಸಿದೆ.

ಮಿಂಗ್ ವಂಶದ ಸ್ಥಾಪಕ ಝು ಯುವಾನ್‌ಝಾಂಗ್ 1366ರಲ್ಲಿ ಆರಂಭಿಸಿದ ನಾನ್‌ಜಿಂಗ್ ಗೋಡೆ ಸುಮಾರು 35 ಕಿಲೋಮೀಟರ್ ಉದ್ದವಿತ್ತು. ಈಗ ಸುಮಾರು 25 ಕಿಲೋಮೀಟರ್ ಉಳಿದಿದೆ. ಅದರ ದಕ್ಷಿಣದ ಈ ಬಾಗಿಲಿನಲ್ಲಿ ನಾಲ್ಕು ದ್ವಾರಗಳು ಒಂದರ ಹಿಂದೊಂದು ನೇರವಾಗಿ ನಿಂತಿವೆ, ನಡುವೆ ಮೂರು ಅಂಗಳಗಳಿವೆ. ಮೊದಲ ದ್ವಾರ ಬಿದ್ದರೂ ಮೇಲಿನಿಂದ ಇಳಿಯುವ ಕದಗಳು ಶತ್ರುವನ್ನು ಅಂಗಳದಲ್ಲಿ ಕೂಡಿಹಾಕುತ್ತಿದ್ದವು; ಸೈನಿಕರು ಅಡಗಲು 27 ಕಮಾನುಕೋಣೆಗಳೂ ಇವೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಗೋಡೆಯ ಇಟ್ಟಿಗೆಗಳು: ತಯಾರಿಸಿದ ಊರು, ಕೆಲಸಗಾರ, ಮೇಲ್ವಿಚಾರಕ ಅಧಿಕಾರಿ ಇವರ ಹೆಸರುಗಳು ಅವುಗಳ ಮೇಲೆ ಅಚ್ಚಾಗಿದ್ದು, ಕಳಪೆ ಇಟ್ಟಿಗೆಯ ಹೊಣೆಯನ್ನು ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. (ನಮ್ಮ ರಸ್ತೆ ಗುತ್ತಿಗೆದಾರರಿಗೂ ಈ ಪದ್ಧತಿ ಬರಲಿ.)

ಹಿಮೇಜಿಯ ಜಾಣತನ ಬೇರೆಯದು. ಸಾಮಂತ ದೊರೆ ಇಕೆಡಾ ತೆರುಮಸ 1601ರಿಂದ 1609ರವರೆಗೆ ಕಟ್ಟಿಸಿದ ಈ ಕೋಟೆಯಲ್ಲಿ ಬಿಳಿಯ ಮುಖ್ಯ ಗೋಪುರ ಕೈಗೆಟುಕುವಂತೆ ಕಾಣುತ್ತದೆ. ಹತ್ತಿರ ಬಂದೆವೆನ್ನುವಷ್ಟರಲ್ಲಿ ದಾರಿ ಹಿಂದಕ್ಕೆ ತಿರುಗಿ ನಮ್ಮನ್ನು ಗೋಪುರದಿಂದ ದೂರಕ್ಕೆ ಒಯ್ಯುತ್ತದೆ. ಬಾಗಿಲುಗಳು ಒಳಹೋದಂತೆ ಕಿರಿದಾಗುತ್ತವೆ, ತಗ್ಗಾಗುತ್ತವೆ. ಅಷ್ಟುದ್ದಕ್ಕೂ ಪಕ್ಕದ ಗೋಡೆಯ ರಂಧ್ರಗಳು ನಮ್ಮನ್ನೇ ಗುರಿಯಿಟ್ಟಿರುತ್ತವೆ: ಉದ್ದನೆಯವು ಬಿಲ್ಲಿಗೆ, ತ್ರಿಕೋನ, ವೃತ್ತ, ಚೌಕಗಳು ಬಂದೂಕಿಗೆ. ನಾನ್‌ಜಿಂಗ್‌ನಲ್ಲಿ ಫಲಕ ಓದಿ ತಿಳಿದದ್ದನ್ನು ಇಲ್ಲಿ ಕಾಲುಗಳೇ ತಿಳಿಸುತ್ತವೆ.

ಅನುಕೂಲದಲ್ಲಿ ಮಾತ್ರ ನಾನ್‌ಜಿಂಗ್ ಮುಂದು. ಕುದುರೆಗಳಿಗೆಂದು ಮಾಡಿದ ಅಗಲವಾದ ಇಳಿಜಾರಿನಲ್ಲಿ ಹಿರಿಯರೂ ಗೋಡೆಯ ಮೇಲೆ ಹತ್ತಬಹುದು. ಹಿಮೇಜಿಯ ಗೋಪುರದಲ್ಲಾದರೋ ಬೂಟುಗಳನ್ನು ಚೀಲದಲ್ಲಿ ಹಿಡಿದು, ಕಡಿದಾದ ಮರದ ಮೆಟ್ಟಿಲುಗಳನ್ನು ಏರಬೇಕು, ಒಳಗಿನ ಅಂತಸ್ತುಗಳು ಬಹುಮಟ್ಟಿಗೆ ಖಾಲಿ.

ಹಿಮೇಜಿಯ ಪರವಾಗಿ ಹೇಳುವಾಗ ಒಂದು ವಿಷಯವನ್ನು ಮರೆಯಬಾರದು: ಅದರ ಬಳಸುದಾರಿಯ ಬಲವನ್ನು ಯಾವ ಮುತ್ತಿಗೆಯೂ ಪರೀಕ್ಷಿಸಲಿಲ್ಲ. 1868ರಲ್ಲಿ ಅದು ಹೊಸ ಸರಕಾರದ ಸೇನೆಗೆ ದೊಡ್ಡ ಹೋರಾಟವಿಲ್ಲದೆ ಶರಣಾಯಿತು. ಝೋಂಗ್‌ಹುವಾ ಬಾಗಿಲಾದರೋ 1937ರ ಡಿಸೆಂಬರಿನಲ್ಲಿ ಜಪಾನಿ ಸೇನೆಯ ಫಿರಂಗಿಗಳಿಗೆ ಎದುರಾಗಿ ತನ್ನ ಮೇಲಿನ ಗೋಪುರವನ್ನು ಕಳೆದುಕೊಂಡಿತು.