ಏಳು ವರ್ಷ ಬಳಸಿದ ಮೇಲೆ: ಪಾತ್ರೆ ಗಟ್ಟಿ, ಡೆಮೊ ಪೊಳ್ಳು

ಮನೆಗೇ ಬಂದು ಡೆಮೊ ತೋರಿಸಿ ಮಾರುವ ದುಬಾರಿ ಸ್ಟೀಲ್ ಪಾತ್ರೆಗಳ ಸೆಟ್ ಒಂದನ್ನು ಏಳು ವರ್ಷದಿಂದ ಬಳಸುತ್ತಿದ್ದೇನೆ. ಕಂಪನಿ ಹೆಸರು ಹಾಕುವುದಿಲ್ಲ. ಹೆಸರು ಯಾವುದಾದರೂ ಡೆಮೊ ಹೆಚ್ಚು ಕಡಿಮೆ ಒಂದೇ ಅಂತ ಆಮೇಲೆ ಗೊತ್ತಾಯಿತು. ಪಾತ್ರೆಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಮಾರಿದ ರೀತಿಗೆ ಸೊನ್ನೆ. ಕೊಟ್ಟ ದುಡ್ಡಿಗೆ ತಕ್ಕದ್ದಾ ಅಂತ ಕೇಳಿದರೆ, ಸ್ವಲ್ಪ ತಡೆಯಿರಿ, ಪೂರ್ತಿ ಹೇಳುತ್ತೇನೆ.

ಶುರುವಾಗಿದ್ದು ಒಂದು ಫೋನಿನಿಂದ. "ಮೇಡಂ, ನಿಮ್ಮ ಫ್ರೆಂಡ್ ನಿಮ್ಮ ನಂಬರ್ ಕೊಟ್ಟಿದ್ದಾರೆ. ನಿಮಗೊಂದು ಗಿಫ್ಟ್ ಇದೆ, ಮನೆಗೇ ತಂದುಕೊಡ್ತೀವಿ." ಗಿಫ್ಟ್ ಅಂದರೆ ಒಂದು ಚಾಕು. ಇದ್ದದ್ದು ಒಂದೇ ಷರತ್ತು, ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿರಬೇಕು. ಯಾಕೆ ಅಂತ ಆಗ ಹೊಳೆಯಲಿಲ್ಲ. ಒಬ್ಬರೇ ಇದ್ದರೆ "ಮನೆಯವರನ್ನ ಕೇಳಿ ಹೇಳ್ತೀನಿ" ಅಂತ ಜಾರಿಕೊಳ್ಳಬಹುದಲ್ವಾ? ಆ ದಾರಿಯನ್ನು ಫೋನಿನಲ್ಲೇ ಮುಚ್ಚಿಬಿಡುತ್ತಾರೆ.

ಸಂಜೆ ಏಳಕ್ಕೆ ಎರಡು ದೊಡ್ಡ ಬ್ಯಾಗ್ ಹೊತ್ತು ಒಬ್ಬ ಹುಡುಗ ಬಂದ. ಇಪ್ಪತ್ತೈದು ವಯಸ್ಸಿರಬಹುದು. ಮಾತು ಬೆಣ್ಣೆ. "ನಿಮ್ಮ ಪಾತ್ರೆ ಒಂದೆರಡು ತೆಗೀರಿ ಮೇಡಂ, ಸುಮ್ನೆ ನೋಡೋಣ" ಅಂದ. ತೆಗೆದಿಟ್ಟೆ. ನಮ್ಮ ನಾನ್‌ಸ್ಟಿಕ್ ಬಾಣಲೆ ಎತ್ತಿಕೊಂಡು ಲೈಟಿನ ಕೆಳಗೆ ಓರೆಯಾಗಿ ಹಿಡಿದ. ನಡುವೆ ಉಗುರಿನಷ್ಟು ಜಾಗದಲ್ಲಿ ಕಪ್ಪು ಎದ್ದುಹೋಗಿತ್ತು. ಅಲ್ಲಿ ಮೆಲ್ಲಗೆ ಕೆರೆದ. ಏನೂ ಹೇಳಲಿಲ್ಲ. ಬೆರಳ ತುದಿ ನೋಡಿಕೊಂಡ. ಆಮೇಲೆ ಕೇಳಿದ: "ಮಕ್ಕಳಿದ್ದಾರಾ ಮನೇಲಿ?"

ಅಷ್ಟೇ. ಅವನು ಸುಳ್ಳು ಹೇಳಲೇ ಇಲ್ಲ ನೋಡಿ. ಒಂದು ಪ್ರಶ್ನೆ ಕೇಳಿದ, ಉಳಿದದ್ದನ್ನು ನನ್ನ ತಲೆಯೇ ಮಾಡಿಕೊಂಡಿತು. ನಾನ್‌ಸ್ಟಿಕ್‌ನ ಆ ಲೇಪಕ್ಕೆ ಪಿಟಿಎಫ್‌ಇ ಅಂತಾರೆ. ಚೂರು ಹೊಟ್ಟೆಗೆ ಹೋದರೆ ಅದು ಕರಗುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ತೊಂದರೆ ಇರುವುದು ಖಾಲಿ ಬಾಣಲೆಯನ್ನು ಜೋರು ಉರಿಯಲ್ಲಿ ಮರೆತುಬಿಟ್ಟಾಗ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಲೇಪ ಹಾಳಾಗಲು ಶುರುವಾಗುತ್ತದೆ, ಇನ್ನೂ ಕಾದರೆ ಬರುವ ಹೊಗೆ ಒಳ್ಳೆಯದಲ್ಲ. ಲೇಪ ಎದ್ದ ಬಾಣಲೆ ಬದಲಿಸುವುದು ಸರಿಯೇ. ಆದರೆ ಒಂದು ಬಾಣಲೆ ಬದಲಿಸುವುದಕ್ಕೂ ಹದಿನೇಳು ಪಾತ್ರೆಯ ಸೆಟ್ ಕೊಳ್ಳುವುದಕ್ಕೂ ಏನು ಸಂಬಂಧ? ಈ ಪ್ರಶ್ನೆ ನನಗೆ ಹೊಳೆದದ್ದು ಮೂರನೇ ಕಂತು ಕಟ್ಟುವಾಗ.

ಮುಂದಿನದು ಅಡುಗೆ ಸೋಡಾ ಆಟ. ಇದನ್ನು ಕಂಡವರು ತುಂಬಾ ಜನ ಇದ್ದೀರಿ ಅಂತ ಗೊತ್ತು. ನಮ್ಮ ಪಾತ್ರೆಯಲ್ಲಿ ಒಂದಿಷ್ಟು ನೀರು, ಅವರ ಪಾತ್ರೆಯಲ್ಲಿ ಒಂದಿಷ್ಟು. ಎರಡಕ್ಕೂ ಸೋಡಾ ಹಾಕಿ ಕುದಿಸಿ, ಚಮಚದಲ್ಲಿ ಕುಡಿಸಿದ. ನಮ್ಮದು ಕಹಿ, ಸೋಪು ನೆಕ್ಕಿದ ಹಾಗೆ. ಅವರದ್ದು ಪರವಾಗಿಲ್ಲ. "ಇಷ್ಟು ದಿನ ನಿಮ್ಮ ಊಟದ ಜೊತೆ ಇದೇ ಹೋಗ್ತಿತ್ತು ಮೇಡಂ."

ಎರಡು ವರ್ಷ ಆದ ಮೇಲೆ ಒಂದು ರಜಾ ದಿನ ನಾನೇ ಇದನ್ನು ಮಾಡಿ ನೋಡಿದೆ. ಹಳೇ ಸ್ಟೀಲ್ ಪಾತ್ರೆ, ಹಳೇ ಅಲ್ಯೂಮಿನಿಯಂ ಪಾತ್ರೆ, ಈ ಹೊಸ ಪಾತ್ರೆ. ಮೂರಕ್ಕೂ ಅಳೆದು ಎರಡು ಲೋಟ ನೀರು, ತಲೆ ತಟ್ಟಿದ ಒಂದು ಚಮಚ ಸೋಡಾ, ಗಡಿಯಾರ ನೋಡಿಕೊಂಡು ಹತ್ತು ನಿಮಿಷ. ಯಾವುದು ಯಾವುದೆಂದು ಹೇಳದೆ ನನ್ನ ಗಂಡನಿಗೆ ಕುಡಿಸಿದೆ. (ಪಾಪ, ಬೇಜಾರಿಲ್ಲದೆ ಕುಡಿದರು.) ಎರಡು ಸ್ಟೀಲ್ ಪಾತ್ರೆಗಳಿಗೆ ಅವರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ, ನನಗೂ ಇಲ್ಲ. ಎರಡೂ ಅಷ್ಟೇ ಕೆಟ್ಟ ರುಚಿ. ಯಾಕೆಂದರೆ ಆ ರುಚಿ ಸೋಡಾದ್ದೇ. ಕುದಿದಷ್ಟೂ ಸೋಡಾ ಇನ್ನೂ ಜೋರಾದ ಕ್ಷಾರವಾಗುತ್ತದೆ, ಬಟ್ಟೆ ಸೋಡಾ ಆಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಒಳಗೆ ಕಪ್ಪಾಯಿತು. ಕ್ಷಾರಕ್ಕೆ ಅಲ್ಯೂಮಿನಿಯಂ ಕರಗುತ್ತದೆ, ಅದು ನಿಜ. ಹುಳಿ ಪದಾರ್ಥ ಅದರಲ್ಲಿ ಇಟ್ಟರೂ ಸ್ವಲ್ಪ ಬಿಡುತ್ತದೆ. ಆದರೆ ಅದಕ್ಕೆ ಪರಿಹಾರ ಯಾವುದೋ ಸಾಧಾರಣ ಸ್ಟೀಲ್ ಪಾತ್ರೆ. ಅದು ನಮ್ಮ ಮನೆಯಲ್ಲಿ ಆಗಲೇ ಇತ್ತು! ಡೆಮೊ ದಿನ ಅವನು ಯಾವುದಕ್ಕೆ ಎಷ್ಟು ಸೋಡಾ ಹಾಕಿದ, ಯಾವುದು ಎಷ್ಟು ಹೊತ್ತು ಕುದಿಯಿತು ಅಂತ ನಾವಿಬ್ಬರೂ ನೋಡಲೇ ಇಲ್ಲ. ಮಾತು ಕೇಳುತ್ತಾ ಕೂತಿದ್ದೆವು.

ಆಮೇಲೆ ಎಣ್ಣೆ ಇಲ್ಲದೆ ಮೊಟ್ಟೆ. ಬಾಣಲೆ ಕಾಯಿಸಿ ನೀರು ಚಿಮುಕಿಸಿದ. ಹನಿಗಳು ಆವಿಯಾಗದೆ ಮುತ್ತಿನಂತೆ ಓಡಾಡಿದವು. ಮೊಟ್ಟೆ ಒಡೆದು ಹಾಕಿದ, ಅಂಟದೆ ಜಾರಿತು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು. ಇದಕ್ಕೆ ಲೈಡೆನ್‌ಫ್ರಾಸ್ಟ್ ಪರಿಣಾಮ ಅಂತ ಹೆಸರು, 1756ರಲ್ಲಿ ಆ ಹೆಸರಿನ ಜರ್ಮನ್ ವೈದ್ಯರು ಇದರ ಬಗ್ಗೆ ಬರೆದಿದ್ದರು. ತಳ ಚೆನ್ನಾಗಿ ಕಾದಿದ್ದರೆ ಹನಿಯ ಕೆಳಗೆ ತೆಳುವಾಗಿ ಆವಿ ನಿಂತು ಅದನ್ನು ಎತ್ತಿ ಹಿಡಿಯುತ್ತದೆ. ಯಾವ ಸ್ಟೀಲ್ ಬಾಣಲೆಯಲ್ಲೂ ಆಗುತ್ತದೆ. ತಳ ದಪ್ಪ ಇದ್ದರೆ ಶಾಖ ಎಲ್ಲ ಕಡೆ ಒಂದೇ ಥರ ಇರುವುದರಿಂದ ಸುಲಭ, ಅಷ್ಟೇ. ಮನೆಯಲ್ಲಿ ನಾನು ಮಾಡಿದ ಮೊದಲ ಮೂರು ಮೊಟ್ಟೆ ತಳಕ್ಕೆ ಕಚ್ಚಿಕೊಂಡವು. ಈಗ ಹನಿ ಓಡಾಡುವವರೆಗೆ ಕಾದು, ಉರಿ ತಗ್ಗಿಸಿ, ಸ್ವಲ್ಪ ಎಣ್ಣೆಯನ್ನೂ ಹಾಕುತ್ತೇನೆ. ಎಣ್ಣೆ ಹಾಕಿದರೇ ರುಚಿ.

ನೀರು ಹಾಕದೆ ತರಕಾರಿ ಬೇಯಿಸಿದ್ದೂ ಹಾಗೇ. ಕ್ಯಾರೆಟ್‌ನಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ ಇರುತ್ತದೆ. ಮುಚ್ಚಳ ಬಿಗಿಯಾಗಿ ಕೂತರೆ, ಉರಿ ಸಣ್ಣಗಿದ್ದರೆ, ಅದರ ನೀರಲ್ಲೇ ಬೇಯುತ್ತದೆ. ತರಕಾರಿ ಕುದಿಸಿ ನೀರು ಚೆಲ್ಲಿದರೆ ಸಿ ವಿಟಮಿನ್ ಅದರ ಜೊತೆ ಹೋಗುತ್ತದೆ ಅನ್ನುವುದೂ ನಿಜ. ಆ ಸೋಡಾ ಆಟ ಬಿಟ್ಟರೆ, ಅವನು ಹೇಳಿದ ಒಂದೊಂದು ಮಾತೂ ಬಿಡಿಬಿಡಿಯಾಗಿ ನೋಡಿದರೆ ಸರಿಯೇ. ಆದರೆ ಯಾವುದೂ ಈ ಸೆಟ್ಟೇ ಬೇಕು ಅಂತ ಸಾಬೀತು ಮಾಡುವುದಿಲ್ಲ. ಇದು ನನಗೆ ಅರ್ಥವಾಗಲು ಏಳು ವರ್ಷ ಬೇಕಾಯಿತು ಅಂತಲ್ಲ, ಏಳು ದಿನ ಸಾಕಾಗಿತ್ತು. ಆದರೆ ಆ ಏಳು ದಿನ ಕೊಡದಿರುವುದೇ ಅವರ ವ್ಯಾಪಾರ.

ಹತ್ತು ಗಂಟೆಯಾದರೂ ಬೆಲೆ ಬಾಯಿಂದ ಬರಲಿಲ್ಲ. ಮಗು ನಿದ್ದೆ ತೂಗುತ್ತಿತ್ತು. ಕೊನೆಗೆ ಒಂದು ಹಾಳೆ ತೆಗೆದು ದೊಡ್ಡದೊಂದು ಸಂಖ್ಯೆ ಬರೆದ. ನಾವು ಮುಖ ಮುಖ ನೋಡಿಕೊಂಡೆವು. ಅದನ್ನು ಹೊಡೆದುಹಾಕಿ ಕೆಳಗೆ ಇನ್ನೊಂದು ಬರೆದ. ಅದನ್ನೂ ಹೊಡೆದ. "ಇದು ಇವತ್ತು ರಾತ್ರಿಗೆ ಮಾತ್ರ. ಮ್ಯಾನೇಜರ್ ಒಪ್ಪಬೇಕು, ನಿಮಗೋಸ್ಕರ ಕೇಳ್ತೀನಿ" ಅಂತ ಫೋನ್ ಹಿಡಿದು ಬಾಗಿಲಾಚೆ ಹೋದ. ಐದು ನಿಮಿಷಕ್ಕೆ ನಗುತ್ತಾ ಬಂದ. ಮ್ಯಾನೇಜರ್ ಒಪ್ಪದೇ ಇದ್ದ ರಾತ್ರಿ ಯಾವುದಾದರೂ ಇದೆಯಾ ಅಂತ ನನಗೆ ಈಗಲೂ ಅನುಮಾನ. ನನ್ನ ಗಂಡ "ಯೋಚನೆ ಮಾಡಿ ಹೇಳ್ತೀವಿ" ಅಂದರು. "ಮಾಡಿ ಸರ್, ನಾನು ಕೂತಿರ್ತೀನಿ" ಅಂದ. ಕೂತೇಬಿಟ್ಟ! ಆಮೇಲೆ ಬಂತು ಲೆಕ್ಕ: ದಿನಕ್ಕೆ ಒಂದು ಕಾಫಿ ದುಡ್ಡು. ಆರೋಗ್ಯಕ್ಕಿಂತ ಕಾಫಿ ಹೆಚ್ಚಾ?

ನಾವು ಸಹಿ ಹಾಕಿದ್ದು ಪಾತ್ರೆ ಬೇಕು ಅಂತಲ್ಲ. ಮುಲಾಜಿಗೆ. ಮೂರು ಗಂಟೆ ನಮ್ಮ ಅಡುಗೆಮನೆಯಲ್ಲಿ ಬೆವರು ಸುರಿಸಿದ್ದಾನೆ, ಪಾತ್ರೆ ತೊಳೆದಿದ್ದಾನೆ, ಚಾಕು ಬೇರೆ ಕೊಟ್ಟಿದ್ದಾನೆ. ಬರಿಗೈಲಿ ಕಳಿಸುವುದು ಹೇಗೆ? ದಾಕ್ಷಿಣ್ಯಕ್ಕೆ ಬಸಿರಾದವರ ಗಾದೆ ನಿಮಗೆ ಗೊತ್ತಲ್ಲ, ಪೂರ್ತಿ ಹೇಳುವುದಿಲ್ಲ. ನಮ್ಮದು 36 ಕಂತಿನ ಹೆರಿಗೆ. ಬಡ್ಡಿ ಸೇರಿಸಿ ಕೂಡಿಸಿದಾಗ, ಆ ಹಾಳೆಯಲ್ಲಿ ಬರೆದ ಕೊನೇ ಬೆಲೆಗಿಂತ ಕಾಲು ಭಾಗ ಜಾಸ್ತಿ ಕಟ್ಟಿದ್ದೆವು. ದಿನಕ್ಕೆ ಒಂದು ಕಾಫಿ ಅಂತ ಹೇಳಿದವನು ಎಷ್ಟು ದಿನ ಅಂತ ಹೇಳಿರಲಿಲ್ಲ.

ಇನ್ನು ಪಾತ್ರೆಯ ವಿಷಯ. ಇದೂ ವಿಮರ್ಶೆ ತಾನೇ.

ತಳ ಒಂಚೂರೂ ಸೊಟ್ಟಗಾಗಿಲ್ಲ. ಏಳು ವರ್ಷ ದಿನಾ ಬಳಸಿ, ಎರಡು ಸಲ ಪೂರ್ತಿ ಸೀಸಿದರೂ ಹಾಗೇ ಇದೆ. ಒಳಗೂ ಹೊರಗೂ ಸ್ಟೀಲ್, ನಡುವೆ ಅಲ್ಯೂಮಿನಿಯಂ ಪದರ. ಅಲ್ಯೂಮಿನಿಯಂ ಈ ಸ್ಟೀಲಿಗಿಂತ ಸುಮಾರು 15 ಪಟ್ಟು ಚೆನ್ನಾಗಿ ಶಾಖ ಹರಡುತ್ತದೆ. ಅದಕ್ಕೇ ಹಾಲು ಕಾಯಿಸಿದರೂ ಅಷ್ಟು ಬೇಗ ತಳ ಹಿಡಿಯುವುದಿಲ್ಲ. ತಮಾಷೆ ಅಂದರೆ, ಇಡೀ ಸಂಜೆ ಅಲ್ಯೂಮಿನಿಯಂ ಬೈದು ಮಾರಿದ ಪಾತ್ರೆಯ ಜೀವಾಳವೇ ಅಲ್ಯೂಮಿನಿಯಂ. ಐದು ಪದರ, ಏಳು ಪದರ ಅಂತ ಲೆಕ್ಕ ಹೇಳುತ್ತಾರಲ್ಲ, ಪದರ ಎಷ್ಟು ಅನ್ನುವುದಕ್ಕಿಂತ ಆ ನಡುವಿನದು ಎಷ್ಟು ದಪ್ಪ, ಅಂಚಿನವರೆಗೂ ಇದೆಯಾ ಅನ್ನುವುದು ಮುಖ್ಯ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಮೂರು ಪದರದ ಬಾಣಲೆ ಒಂದನ್ನು ಆಮೇಲೆ ತಂದೆ. ಅಡುಗೆಯಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ.

"ಸರ್ಜಿಕಲ್ ಸ್ಟೀಲ್" ಅನ್ನುವ ಮಾತಿಗೆ ಮರುಳಾಗಬೇಡಿ. ಅದು ಗ್ರೇಡಿನ ಹೆಸರಲ್ಲ. ತಳದಲ್ಲಿ 304 ಅಂತಲೋ 316 ಅಂತಲೋ ಇದೆಯಾ ನೋಡಿ. 304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್. 316ರಲ್ಲಿ 2ರಿಂದ 3 ಭಾಗ ಮಾಲಿಬ್ಡಿನಂ ಇರುವುದರಿಂದ ಉಪ್ಪಿಗೆ ಇನ್ನೂ ಸ್ವಲ್ಪ ತಡೆಯುತ್ತದೆ. ನನ್ನದು 304. ತಣ್ಣೀರಿಗೆ ಉಪ್ಪು ಹಾಕಿ ಹಾಗೇ ಬಿಡುವ ಅಭ್ಯಾಸ ನನಗಿತ್ತು. ದೊಡ್ಡ ಪಾತ್ರೆಯ ತಳದಲ್ಲಿ ಸೂಜಿ ಚುಚ್ಚಿದಂಥ ಐದಾರು ಚುಕ್ಕೆ ಬಿದ್ದವು. ಅವು ಹೋಗುವುದಿಲ್ಲ. ನೀರು ಕುದಿದ ಮೇಲೆ ಉಪ್ಪು ಹಾಕಿ ಕಲಸಬೇಕಿತ್ತು. ಕಾಮನಬಿಲ್ಲಿನ ಥರ ಬಣ್ಣ ಬಂದರೆ ಮಾತ್ರ ಹೆದರಬೇಡಿ, ವಿನೆಗರ್ ಹಾಕಿ ಒರೆಸಿದರೆ ಹೋಗುತ್ತದೆ.

ಬೇಜಾರು ತರಿಸಿದ್ದು ಮುಚ್ಚಳದ ಗುಬಟು. ಮೂರನೇ ವರ್ಷ ಒಂದು ಸೀಳಿತು, ಐದನೇ ವರ್ಷ ಇನ್ನೊಂದು. "ಜೀವನಪೂರ್ತಿ ಗ್ಯಾರಂಟಿ" ಕಾಗದ ತೆಗೆದು ಓದಿದೆ. ಗ್ಯಾರಂಟಿ ಇರುವುದು ಲೋಹಕ್ಕೆ, ಅದೂ ತಯಾರಿಕೆಯ ದೋಷಕ್ಕೆ. ಗುಬಟು, ಹಿಡಿ, ಶಿಳ್ಳೆ ಹೊಡೆಯುವ ಕವಾಟ ಯಾವುದೂ ಸೇರಿಲ್ಲ. ಅಲ್ಲಾ, ಸ್ಟೀಲ್ ತಾನಾಗೇ ಎಲ್ಲಿ ಹಾಳಾಗುತ್ತದೆ? ಹಾಳಾಗುವುದು ಈ ಬಿಡಿಭಾಗಗಳೇ. ಕಳಿಸುವ ಖರ್ಚೂ ನಮ್ಮದೇ. ನಮಗೆ ಮಾರಿದ ಹುಡುಗನ ನಂಬರ್ ಆರು ತಿಂಗಳಲ್ಲೇ ಬಂದ್ ಆಗಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ. ಕಮಿಷನ್ ಬಿಟ್ಟರೆ ಅವನಿಗೆ ಸಂಬಳವೇ ಇಲ್ಲ ಅಂತ ಅವನೇ ಒಂದು ಮಾತಿಗೆ ಅಂದಿದ್ದ.

ಹದಿನೇಳರಲ್ಲಿ ದಿನಾ ಒಲೆ ಮೇಲೆ ಇರುವುದು ನಾಲ್ಕು. ಮೂರು ತಿಂಗಳಿಗೊಮ್ಮೆ ಇಳಿಯುವುದು ಎರಡು. ಉಳಿದವು ಅಟ್ಟದಲ್ಲಿವೆ. ದೊಡ್ಡದನ್ನು ತುಂಬಿಸಿದರೆ ನನಗೆ ಒಬ್ಬಳಿಗೇ ಎತ್ತಲು ಆಗುವುದಿಲ್ಲ. ಇದನ್ನು ಡೆಮೊದಲ್ಲಿ ಯಾರೂ ನನ್ನ ಕೈಗೆ ಕೊಟ್ಟು ನೋಡಲಿಲ್ಲ.

ಸಹಿ ಹಾಕಿ ಕೂತಿರುವವರಿಗೆ ಒಂದು ಮಾತು. ಮನೆಗೆ ಬಂದು ಮಾಡಿದ ಮಾರಾಟವನ್ನು ರದ್ದು ಮಾಡುವ ಹಕ್ಕು ತುಂಬಾ ದೇಶಗಳಲ್ಲಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ 3 ಕೆಲಸದ ದಿನ, ಲೆಕ್ಕ ಶುರುವಾಗುವುದು ಸಹಿ ಹಾಕಿದ ದಿನದಿಂದ. ಐರೋಪ್ಯ ಒಕ್ಕೂಟದಲ್ಲಿ 14 ದಿನ, ವಸ್ತು ಕೈಗೆ ಬಂದ ಮೇಲೆ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ನಮ್ಮ ಸೆಟ್ ಬಂದದ್ದೇ ಹತ್ತು ದಿನಕ್ಕೆ. ರದ್ದು ಮಾಡುವ ಸಾಲು ನಮ್ಮ ಕಾಗದದ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು, ಗಡುವು ಸಹಿಯಿಂದ ಐದು ದಿನ. ಡಬ್ಬ ಬಿಚ್ಚುವಾಗ ಅದು ಮುಗಿದಿತ್ತು. ಹಾಗಾಗಿ ಇವತ್ತೇ ಕಾಗದ ತಿರುಗಿಸಿ ಓದಿ. ರದ್ದು ಮಾಡುವುದಿದ್ದರೆ ಫೋನಿನಲ್ಲಿ ಹೇಳಿ ಬಿಡಬೇಡಿ, ಬರೆದು ಕಳಿಸಿ, ಪ್ರತಿ ಇಟ್ಟುಕೊಳ್ಳಿ.

ಆ ರಾತ್ರಿ ಹೋಗುವ ಮುಂಚೆ ಅವನು ಇನ್ನೊಂದು ಹಾಳೆ ಕೊಟ್ಟಿದ್ದ. ಹತ್ತು ಜನರ ಹೆಸರು, ನಂಬರ್ ಬರೆದರೆ ಒಂದು ಸಣ್ಣ ಬಾಣಲೆ ಫ್ರೀ. ನಾಚಿಕೆ ಬಿಟ್ಟು ಹೇಳುತ್ತೇನೆ, ಬರೆದೆ. ನನ್ನ ತಂಗಿಯದ್ದೂ ಬರೆದೆ. ಎರಡು ದಿನಕ್ಕೆ ಅವಳಿಗೆ ಫೋನ್ ಹೋಯಿತು, ಗಿಫ್ಟ್ ಇದೆ ಅಂತ. ಅವಳು ಕೇಳಿದ್ದು ಒಂದೇ: "ಸೆಟ್ ರೇಟ್ ಎಷ್ಟು? ಅದನ್ನ ಮೊದಲು ಹೇಳಿ, ಆಮೇಲೆ ಮನೆಗೆ ಬನ್ನಿ." ಆ ಕಡೆಯವನು ಬಂದು ತೋರಿಸಿದ ಮೇಲೇ ಹೇಳೋದು ಅಂದನಂತೆ. ಇವಳು ಫೋನ್ ಇಟ್ಟಳು. ಸಂಜೆ ನನಗೆ ಫೋನ್ ಮಾಡಿ, "ಅಕ್ಕಾ, ನೀನು ಎಷ್ಟು ಕೊಟ್ಟೆ?" ಅಂದಳು. ನಿಜ ಬೆಲೆ ನಾನು ಅವಳಿಗೆ ಇನ್ನೂ ಹೇಳಿಲ್ಲ.