9 ವರ್ಷ ಕಟ್ಟಿದ ಕಿಟ್ ಕಾರು 4ನೇ ಓಟಕ್ಕೇ ಚರಂಡಿಗೆ ಬಿತ್ತು, ಕಟ್ತಾ ಇರೋರು ದಯವಿಟ್ಟು ಓದಿ

ಮನೇಲೇ ಕಿಟ್ ಸ್ಪೋರ್ಟ್ಸ್ ಕಾರು (ಬಿಡಿಭಾಗಗಳಾಗಿ ತರಿಸಿ ನಾವೇ ಜೋಡಿಸೋ ಕಾರು) ಕಟ್ತಾ ಇರೋರು, ಅದರಲ್ಲೂ ಮೂರ್ನಾಲ್ಕು ವರ್ಷ ಕಳೆದ್ರೂ ಇನ್ನೂ ಮುಗಿದಿಲ್ಲ ಅನ್ನೋರು ಇದನ್ನ ಪೂರ್ತಿ ಓದಿ. ನಂಗೆ 9 ವರ್ಷ ಹಿಡೀತು. ಕಿಟ್ ಬಂದಾಗ ಮಗನಿಗೆ 6 ವರ್ಷ, ಬರೀ ಚಾಸಿ (ಕಾರಿನ ಅಡಿ ಚೌಕಟ್ಟು) ಮೇಲೆ ಕೂತು ಬಾಯಲ್ಲೇ ಗಾಡಿ ಓಡಿಸ್ತಿದ್ದ. ಮುಗಿದ ಮೇಲೆ ನಾಲ್ಕನೇ ಸಲ ರೋಡಿಗೆ ತೆಗೆದಾಗ ಅವನೇ ಪಕ್ಕದ ಸೀಟಲ್ಲಿದ್ದ. ಆವತ್ತೇ ಕಾರು ಗಿರ್ರಂತ ತಿರುಗಿ ರಸ್ತೆ ಪಕ್ಕದ ಚರಂಡಿಗೆ ಬಿತ್ತು, ಮಗನ ಕಾಲರ್ ಬೋನ್ ಮುರೀತು.

ಜೋರಾಗಿ ಹೋಗ್ತಿದ್ದೆ ಅನ್ಕೋಬೇಡಿ. ಎರಡನೇ ಗೇರು, ರಸ್ತೆ ಒಣಗಿತ್ತು, ಒಂದು ಸಣ್ಣ ತಿರುವು ಮುಗಿಸಿ ಹೊರಗೆ ಬರ್ತಾ ಆಕ್ಸಿಲರೇಟರ್ ಸ್ವಲ್ಪ ಒತ್ತಿದೆ ಅಷ್ಟೇ, ಸ್ಟೇರಿಂಗ್ ಅಲ್ಲಾಡಿಸದೇ ಇದ್ರೂ ಹಿಂಭಾಗ ತಾನಾಗೇ ಒಂದು ಕಡೆ ಸರೀತು, ಗಾಬರಿಯಾಗಿ ಕಾಲು ತೆಗೆದೆ, ತೆಗೆದ ಕೂಡ್ಲೇ ಇನ್ನೊಂದು ಕಡೆಗೆ ರಪ್ ಅಂತ ಎಳ್ಕೊಂಡು ಪೂರ್ತಿ ಸುತ್ತು ಹೊಡೀತು.

ಆಮೇಲೆ ಜಾಕ್ ಹಾಕಿ ಎತ್ತಿ ನೋಡಿದ್ರೆ ಹಿಂದಿನ ಬಲಗಡೆ ಟೋ ಲಿಂಕಿನ ಒಳತುದಿ ಬೋಲ್ಟಲ್ಲಿ ಸಾದಾ ನಟ್ಟು ಇತ್ತು, ಅದೂ ಕೈಬೆರಳಲ್ಲೇ ತಿರುಗೋ ಅಷ್ಟು ಸಡಿಲ. ಟೋ ಲಿಂಕ್ ಅಂದ್ರೆ ಚಕ್ರ ಎತ್ತ ಮುಖ ಮಾಡ್ಬೇಕು ಅಂತ ಹಿಡ್ಕೊಂಡಿರೋ ರಾಡು. ಅದು ಸಡಿಲ ಆದ್ರೆ ಆಕ್ಸಿಲರೇಟರ್ ಒತ್ತಿದಾಗ ಚಕ್ರ ಒಂದು ಕಡೆ ತಿರುಗತ್ತೆ, ಬಿಟ್ಟಾಗ ಇನ್ನೊಂದು ಕಡೆ. ಮುಂದೆ ಒಂದು ಸ್ಟೇರಿಂಗು, ಹಿಂದೆ ಯಾರ ಕೈಗೂ ಸಿಗದ ಇನ್ನೊಂದು ಸ್ಟೇರಿಂಗು ಇದ್ದಂಗೆ.

ಆ ನಟ್ಟು ಅಲ್ಲಿಗೆ ಹೆಂಗೆ ಬಂತು ಅನ್ನೋದೇ ಮುಖ್ಯ. ಕಟ್ಟೋರಿಗೆಲ್ಲ ಗೊತ್ತು, ಮೊದಲು ಎಲ್ಲಾನೂ ಒಂದ್ಸಲ ಸುಮ್ನೆ ಜೋಡಿಸಿ ಸರಿಯಾಗಿ ಕೂರತ್ತಾ ನೋಡಿ, ಮತ್ತೆ ಬಿಚ್ಚಿ, ಪೌಡರ್ ಕೋಟಿಂಗ್ ಮಾಡಿಸಿ, ಆಮೇಲೆ ಹೊಸ ನೈಲಾಕ್ (ಸಡಿಲ ಆಗದಂತೆ ಒಳಗೆ ನೈಲಾನ್ ಉಂಗುರ ಇರೋ ನಟ್ಟು) ಹಾಕಿ ಟಾರ್ಕ್ ರೆಂಚಲ್ಲಿ (ಎಷ್ಟು ಬೇಕೋ ಅಷ್ಟೇ ಅಳೆದು ಬಿಗಿಯೋ ಸ್ಪ್ಯಾನರ್) ಬಿಗೀಬೇಕು. ನೈಲಾಕ್ ಬಿಚ್ಚಿ ಹಾಕಿ ಮಾಡಿದ್ರೆ ಒಳಗಿನ ನೈಲಾನ್ ಹಿಡಿತ ಕಮ್ಮಿ ಆಗತ್ತೆ ಅಂತ ಟ್ರಯಲ್‌ಗೆ ಸಾದಾ ನಟ್ಟೇ ಹಾಕಿದ್ದೆ. ಕೋಟಿಂಗ್ ಆಗಿ ಬಂದ್ಮೇಲೆ ಅವೇ ನಟ್ಟು ಹಾಕಿ ಎರಡೂ ಕಡೆ ನಿಲ್ಲಿಸಿದೆ, ಒಂದು ಸಂಜೆ ಎಡಗಡೆದು ನೈಲಾಕ್ ಹಾಕಿ ಬಿಗಿದೆ, ನಾಳೆ ಬಲಗಡೆ ಅಂತ ಲೈಟ್ ಆಫ್ ಮಾಡ್ದೆ. ಆ ವಾರವೇ ಅಮ್ಮನಿಗೆ ಹುಷಾರು ತಪ್ಪಿತು. ಒಂದೂವರೆ ವರ್ಷ ಗ್ಯಾರೇಜ್ ಬಾಗಿಲು ತೆಗೀಲಿಲ್ಲ. ವಾಪಸ್ ಬಂದಾಗ ಎಡಗಡೆ ನೋಡ್ದೆ, ಚೆನ್ನಾಗಿ ಬಿಗಿದಿತ್ತು, ಓ ಹಿಂದಿನ ಸಸ್ಪೆನ್ಷನ್ ಮುಗಿಸಿದೀನಿ ಅಂತ ಬ್ರೇಕ್ ಪೈಪಿಗೆ ಹೋದೆ. ಬಾಡಿ ಕೂತ ಮೇಲೆ ಆ ಜಾಗ ಕಣ್ಣಿಗೇ ಬೀಳಲ್ಲ.

ಒಂದು ವರ್ಷದಲ್ಲಿ ಮುಗಿಸೋರಿಗೆ ಇದೆಲ್ಲ ನೆನಪಿರತ್ತೆ. 9 ವರ್ಷಕ್ಕೆ ಇರಲ್ಲ, ಇರತ್ತೆ ಅಂತ ನಂಬಿದ್ದೇ ನನ್ನ ತಪ್ಪು.

ಇನ್ನು ಟೈರು. ಚಾಸಿ ಉರುಳಾಡ್ಲಿ ಅಂತ ಮೊದಲ ವರ್ಷವೇ ನಾಲ್ಕು ಒಳ್ಳೇ ಟೈರ್ ಹಾಕಿಸಿದ್ದೆ. ಮೇಲಿನ ಸಣ್ಣ ರಬ್ಬರ್ ಕೂದಲೂ ಉದುರಿರಲಿಲ್ಲ, ನೋಡಿದ್ರೆ ಹೊಚ್ಚ ಹೊಸದು. ಪಕ್ಕದ ಗೋಡೇಲಿ ಡಾಟ್ ಅಂತ ಶುರುವಾಗೋ ನಂಬರಿನ ಕೊನೇ ನಾಲ್ಕು ಅಂಕಿ ನೋಡಿ, ಮೊದಲೆರಡು ವಾರ, ಆಮೇಲಿನೆರಡು ವರ್ಷ, 2316 ಅಂದ್ರೆ 2016ರ 23ನೇ ವಾರ. ಓಡದೇ ನಿಂತಿದ್ರೂ ರಬ್ಬರು ಗಟ್ಟಿಯಾಗ್ತಾನೇ ಹೋಗತ್ತೆ. ಹಿಂಭಾಗ ಒಮ್ಮೆ ಜಾರಿದ ಮೇಲೆ ಆ ಟೈರು ಹಿಡ್ಕೊಳ್ಳಲೇ ಇಲ್ಲ.

ಪವರ್ ಬಗ್ಗೆನೂ ಹೇಳ್ಬೇಕು. 1957ರಲ್ಲಿ ಲೋಟಸ್ ಸೆವೆನ್ ಅನ್ನೋ ಹಗುರ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕಿಟ್ಟಾಗಿ ಬಂದಾಗ ಮೊದಮೊದಲಿನ ಕಾರುಗಳಲ್ಲಿ ಇದ್ದದ್ದು 40 ಹಾರ್ಸ್‌ಪವರ್ ಆಸುಪಾಸು. ನನ್ನದು 6.2 ಲೀಟರ್ ಎಲ್‌ಎಸ್3 ವಿ8, 430 ಹಾರ್ಸ್‌ಪವರ್. ಆ ಇಂಜಿನ್ ಇದ್ದ ಕಾರ್ವೆಟ್ ಅನ್ನೋ ಅಮೆರಿಕದ ಸ್ಪೋರ್ಟ್ಸ್ ಕಾರು ಸುಮಾರು 1,450 ಕೆಜಿ, ಅದರಲ್ಲಿ ಚಕ್ರ ಜಾರದಂತೆ ತಡೆಯೋ ಎಬಿಎಸ್ಸು, ಟ್ರಾಕ್ಷನ್ ಕಂಟ್ರೋಲು ಎಲ್ಲಾ ಇದೆ. ನನ್ನ ಗಾಡಿ 1,000 ಕೆಜಿನೂ ಇಲ್ಲ, ಅವ್ಯಾವುದೂ ಇಲ್ಲ. ಸಣ್ಣ ಇಂಜಿನ್ ಆಗಿದ್ರೆ ಅದೇ ಸಡಿಲ ನಟ್ಟು ಏನೋ ಓಲಾಡ್ತಿದೆ ಅಂತ ಮುಂಚೆನೇ ಸುಳಿವು ಕೊಡ್ತಿತ್ತೇನೋ, ಇಲ್ಲಿ ಸುಳಿವು ಸಿಕ್ಕಿದ್ದೂ ತಿರುಗಿದ್ದೂ ಒಟ್ಟಿಗೇ.

ಇಂಜಿನ್ ಕೂಡ ಎರಡನೇ ವರ್ಷವೇ ತಂದಿಟ್ಟಿದ್ದೆ, ಮೊದಲ ಸಲ ಸ್ಟಾರ್ಟ್ ಮಾಡೋ ಹೊತ್ತಿಗೆ ವಾರಂಟಿ ಮುಗಿದು ಎಷ್ಟೋ ಕಾಲ ಆಗಿತ್ತು. ಮೊದಲ ಸ್ಟಾರ್ಟಲ್ಲೇ ಒಂದು ಪೆಟ್ರೋಲ್ ಹೋಸು ಬೆಂಡ್ ಆದ ಕಡೆ ಬಿರುಕು ಬಿಟ್ಟು ತೊಟ್ಟಿಕ್ತು, ವಾಸನೆ ಬಂತು, ತಕ್ಷಣ ಆಫ್ ಮಾಡ್ದೆ, ಆ ಹೋಸೊಂದನ್ನ ಬದಲಾಯಿಸಿ ಸುಮ್ಮನಾದೆ. ಒಂದು ಹೋಸು ಹಳೇದಾಗಿದೆ ಅಂದ್ರೆ ಮೊದಲ ವರ್ಷ ತಂದ ಟೈರೂ ಹಳೇದಾಗಿರ್ಬೇಕಲ್ವಾ ಅಂತ ಆವತ್ತು ಹೊಳೀಲಿಲ್ಲ, ಅದಕ್ಕೆ ಇವತ್ತಿಗೂ ಬೇಜಾರಾಗತ್ತೆ. ಬ್ರೇಕ್ ಫ್ಲೂಯಿಡ್ಡೂ ಹಂಗೇ, ಗಾಳಿಯ ತೇವ ಹೀರ್ಕೊಂಡು ಬೇಗ ಕುದಿಯೋ ಹಾಗಾಗತ್ತೆ, ಡಾಟ್ 4 ಅನ್ನೋ ದರ್ಜೆಯ ಫ್ಲೂಯಿಡ್ಡಿಗೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಕುದಿಬಿಂದು ಇರ್ಬೇಕು, ತೇವ ಸೇರಿದ್ಮೇಲಿನ ಮಿತಿ 155. ಟೈರು, ಹೋಸು, ಫ್ಲೂಯಿಡ್ಡು, ಬ್ಯಾಟರಿ, ಬೆಲ್ಟು ಇವನ್ನ ರೋಡಿಗೆ ಇಳಿಸೋ ತಿಂಗಳಲ್ಲಿ ತನ್ನಿ. ಉರುಳಿಸೋಕೆ ಯಾರದ್ದಾದ್ರೂ ಹಳೇ ಚಕ್ರ ಸಾಕು.

ಮಗ ಈಗ ಆರಾಮಾಗಿದಾನೆ. ಕಾರು ಮತ್ತೆ ಪೂರ್ತಿ ಬಿಚ್ಚಿದೆ. ಈಗ ಟ್ರಯಲ್ ನಟ್ಟುಗಳಿಗೆಲ್ಲ ಕೆಂಪು ಬಣ್ಣ ಬಳಿದಿಟ್ಟಿದೀನಿ, ಟಾರ್ಕ್ ಮಾಡಿದ್ದಕ್ಕೆ ನಟ್ಟಿಂದ ಬೋಲ್ಟಿನ ತನಕ ಹಳದಿ ಗೆರೆ, ಮತ್ತೆ ಪುಸ್ತಕದಲ್ಲಿ ತಾರೀಖು. ಮಗ ಇನ್ನೊಂದು ಸಲ ನೋಡಿ ಸಹಿ ಹಾಕ್ತಾನೆ, ಅದು ಅವನೇ ಹಾಕಿದ ಷರತ್ತು.

ಇನ್ನೊಬ್ಬರು ಅರ್ಧಕ್ಕೆ ಬಿಟ್ಟ ಕಿಟ್ ಕೊಳ್ಳೋಕೆ ಹೊರಟವರಿಗೆ ಮಾತ್ರ ಕೈ ಮುಗಿದು ಕೇಳ್ತೀನಿ, 90 ಪರ್ಸೆಂಟ್ ಮುಗಿದಿದೆ ಅಂತ ಮಾರೋರು ಹೇಳಿದ್ರೆ ಅವರು ಸುಳ್ಳು ಹೇಳ್ತಿರೋದಿಲ್ಲ, ಆ ದಿನ ಕೇಳಿದ್ರೆ ನಾನೂ ಬಲಗಡೆ ಬಿಗಿದಿದೀನಿ ಅಂತ ಆಣೆ ಮಾಡ್ತಿದ್ದೆ. ಬಾಡಿ ಎತ್ತಿಸಿ, ಒಂದೊಂದು ನಟ್ಟಿಗೂ ನೀವೇ ಸ್ಪ್ಯಾನರ್ ಹಾಕಿ ನೋಡಿ.